ಕಣ್ಣಂಚಿನ ಕುಡುಗೋಲು

ಆ ಅಂಗಡಿಯಲ್ಲಿ ಒಂದು ವಿಚಿತ್ರ ನಿಯಮವಿತ್ತು. ಗಿರಾಕಿ ಹರಿದ ಬಟ್ಟೆ ಹಿಡಿದು ಒಳಗೆ ಬಂದ ಕೂಡಲೇ, ಅಂಗಡಿ ನಡೆಸುವ ಅಕ್ಕತಂಗಿಯರಲ್ಲಿ ತಂಗಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಹೊಸಬರು ತಮ್ಮಿಂದ ಏನು ತಪ್ಪಾಯಿತೋ ಎಂದು ಕಕ್ಕಾಬಿಕ್ಕಿಯಾಗುತ್ತಿದ್ದರು. ಹಳಬರು ಮಾತ್ರ "ಪುಟ್ಟಿಗೆ ಇವತ್ತೂ ಶಿಕ್ಷೆನಾ?" ಎಂದು ನಗುತ್ತ ನೇರವಾಗಿ ಕಿಟಕಿಯ ಬಳಿ ಕೂತ ಅಕ್ಕನ ಹತ್ತಿರ ಹೋಗಿ ತೂತು ತೋರಿಸುತ್ತಿದ್ದರು.

ನಿಯಮ ತಾಯಿಯ ಕಾಲದ್ದು. ಅಂಗಡಿಯ ಕೆಲಸ ರಫು. ನುಸಿ ತಿಂದ, ಕಿಡಿ ಬಿದ್ದು ಸುಟ್ಟ, ಮೊಳೆಗೆ ಸಿಕ್ಕಿ ಹರಿದ ಬಟ್ಟೆಯನ್ನು ಅದರದೇ ನೇಯ್ಗೆಯ ಹಾಗೆ ಎಳೆ ಎಳೆಯಾಗಿ ಕೂಡಿಸಿ, ಅಲ್ಲಿ ತೂತಿತ್ತು ಎನ್ನುವುದೇ ಗೊತ್ತಾಗದ ಹಾಗೆ ಮಾಡುವುದು. ಅಕ್ಕ ಹೊಲಿಯಬೇಕು, ತಂಗಿ ಹುಡುಕಬೇಕು. ಹುಡುಕುವವಳು ತೂತನ್ನು ಮೊದಲೇ ನೋಡಿರಬಾರದು, ನೋಡಿದ್ದರೆ ಕಣ್ಣು ತಾನಾಗಿ ಅಲ್ಲಿಗೇ ಓಡುತ್ತದೆ. ಹೊಲಿದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ತಿರುವಿ ಮುರುವಿ ನೋಡಿ, ಹೊಲಿಗೆ ಸಿಕ್ಕಿದರೆ ಸೀಮೆಸುಣ್ಣದಲ್ಲಿ ಅದರ ಸುತ್ತ ಗೆರೆ ಎಳೆದು ಅಕ್ಕನಿಗೆ ವಾಪಸ್ ಕೊಡಬೇಕು. ಸಿಗದಿದ್ದರೆ "ಸಿಗ್ಲಿಲ್ಲ" ಅನ್ನಬೇಕು. ಆ ಒಂದು ಮಾತು ಬೀಳದೆ ಬಟ್ಟೆ ಅಂಗಡಿಯ ಹೊಸ್ತಿಲು ದಾಟುವಂತಿರಲಿಲ್ಲ.

ಅಕ್ಕನನ್ನು ಎಲ್ಲರೂ ಕರೆಯುತ್ತಿದ್ದದ್ದು ರಫಕ್ಕ ಎಂದು. ನಿಜವಾದ ಹೆಸರು ಪಡಿತರದವನಿಗೂ ಮರೆತುಹೋಗಿತ್ತು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಪುರುಸೊತ್ತಾಗಲಿಲ್ಲ" ಎಂದು ಸೂಜಿಗೆ ದಾರ ಪೋಣಿಸುತ್ತಲೇ ಉತ್ತರ. ಪುಟ್ಟಿ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ವಾಪಸ್ ಬಂದು ಅಕ್ಕನ ಬಲಗಡೆಯ ಕೌಂಟರಿನಲ್ಲಿ ಕೂತವಳು. ಈಗ ಅವಳಿಗೂ ಐವತ್ತೆಂಟು, ಆದರೂ ಪುಟ್ಟಿಯೇ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಇಬ್ಬರ ಸಂಸಾರ.

ಗಿರಾಕಿಗಳು ಹೊಗಳಿದರೆ ರಫಕ್ಕ ತಲೆ ಎತ್ತುತ್ತಿರಲಿಲ್ಲ. ಹೊಗಳಿಕೆ ಬಾಯಿಮಾತು, ಬಂದಷ್ಟೇ ಬೇಗ ಹೋಗುತ್ತದೆ ಎನ್ನುವುದು ಅವಳ ಲೆಕ್ಕ. ಆದರೆ ಪುಟ್ಟಿ ಬಟ್ಟೆಯನ್ನು ಮಡಚಿ "ಸಿಗ್ಲಿಲ್ಲ ಅಕ್ಕ" ಅಂದರೆ, ಅವತ್ತಿನ ಕಾಫಿಗೆ ಸಕ್ಕರೆ ಕಡಿಮೆಯಾಗಿದ್ದರೂ ಗೊತ್ತಾಗುತ್ತಿರಲಿಲ್ಲ. ಬದುಕಿನಲ್ಲಿ ಅವಳು ಕಣ್ಣುಮುಚ್ಚಿ ನಂಬಿದ್ದು ಅದೊಂದೇ ಮಾತನ್ನು.

ಅರವತ್ತರ ಆಚೆ ಅವಳ ಎರಡು ಕಣ್ಣಿಗೂ ಪೊರೆ ಬಂತು. ಒಂದೇ ದಿನ ಬಂದದ್ದಲ್ಲ, ಗಾಜಿನ ಮೇಲೆ ಅಡುಗೆಮನೆಯ ಜಿಡ್ಡು ಕೂರುವ ಹಾಗೆ ವರ್ಷಗಟ್ಟಲೆ ಕೂತದ್ದು. ರಫಕ್ಕ ಒಪ್ಪಲೇ ಇಲ್ಲ. "ಬಲ್ಬು ಮಂಕಾಗಿದೆ, ಬೇರೆ ಹಾಕ್ಸು" ಅಂದಳು. ಬಲ್ಬು ಬದಲಾಯಿತು. "ಈಗಿನ ದಾರನೇ ಸರಿ ಇಲ್ಲ" ಅಂದಳು. ದಾರವೂ ಬದಲಾಯಿತು. ಕೊನೆಗೆ ಪುಟ್ಟಿ ಊಟ ಬಿಟ್ಟು, ಮಾತು ಬಿಟ್ಟು, ಅತ್ತು ಕರೆದು ಅವಳನ್ನು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು. ಮೊದಲು ಬಲಗಣ್ಣು, ಅದು ವಾಸಿಯಾದ ಮೇಲೆ ಎಡಗಣ್ಣು ಎಂದರು ಡಾಕ್ಟರು.

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ರಫಕ್ಕ ಮನೆಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಕಿಟಕಿಯ ಪರದೆ ಬೆಣ್ಣೆಯ ಬಣ್ಣದ್ದು ಅಂದುಕೊಂಡಿದ್ದಳು, ಅದು ಅಚ್ಚ ಬಿಳಿ. ದಾರದ ಪೆಟ್ಟಿಗೆ ತೆರೆದರೆ ಎಷ್ಟೊಂದು ನೀಲಿ! "ಇಷ್ಟೊಂದು ನೀಲಿ ಯಾವಾಗ ತಂದ್ಯೇ?" ಎಂದು ಕೇಳಿದಳು. "ಮೊದಲಿಂದ್ಲೂ ಇತ್ತಲ್ಲಕ್ಕ" ಎಂದಳು ಪುಟ್ಟಿ, ಮತ್ತು ಯಾಕೋ ಒಳಗೆ ಹೋದಳು. ರಫಕ್ಕ ಮಗುವಿನ ಹಾಗೆ ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು ಆಟವಾಡಿದಳು. ಹೊಸ ಕಣ್ಣಿಗೆ ಗೋಡೆ ಬಿಳಿ, ಹಳೆ ಕಣ್ಣಿಗೆ ಗೋಡೆ ಹಳದಿ. ಆ ಸಂತೋಷ ಸಂಜೆಯ ತನಕ ಇತ್ತು.

ಸಂಜೆ ಯಾರೋ ಬಲಗಡೆಯಿಂದ ಬಂದು ನಿಂತರು. "ಬನ್ನಿ, ಕೂತ್ಕೊಳ್ಳಿ" ಎಂದು ತಿರುಗಿದರೆ ಯಾರೂ ಇರಲಿಲ್ಲ.

ಹೊಸ ಕಣ್ಣಿನ ಹೊರ ಅಂಚಿನಲ್ಲಿ ಒಂದು ಕಪ್ಪು ನೆರಳು ಬಾಗಿ ನಿಂತಿತ್ತು, ಕುಡುಗೋಲಿನ ಹಾಗೆ. ಕಣ್ಣು ಎತ್ತ ತಿರುಗಿದರೆ ಅತ್ತ ಬರುತ್ತಿತ್ತು. ಅದು ಸಾಲದು ಎಂಬಂತೆ ಟೇಬಲ್ ದೀಪ ಹಾಕಿದರೆ ಬೆಳಕಿನ ಒಂದು ಕಮಾನು ಬಟ್ಟೆಯ ಮೇಲೆ ಅಡ್ಡ ಬಿದ್ದು ನಡುಗುತ್ತಿತ್ತು. ಎಳೆ ಎಣಿಸಿ ಸೂಜಿ ಹಾಕುವ ಕೆಲಸದಲ್ಲಿ ಅದು ಎಂಥ ಕಾಟ ಎಂದು ಹೊಲಿದವರಿಗೇ ಗೊತ್ತು. ನೂಲು ಎಂದು ಬೆಳಕಿಗೆ ಚುಚ್ಚುತ್ತಿದ್ದಳು, ಬೆಳಕು ಎಂದು ನೂಲು ಬಿಡುತ್ತಿದ್ದಳು. ಇಡೀ ವಾರ ಅವಳು ಬಲಗಡೆಯ ಖಾಲಿ ಜಾಗಕ್ಕೆ "ಬನ್ನಿ ಬನ್ನಿ" ಹೇಳಿದಳು. ನಿಜವಾದ ಗಿರಾಕಿ ಬಂದಾಗ, ಈ ಸಲ ಮೋಸ ಹೋಗಲ್ಲ ಎಂದು ಮುಖ ಎತ್ತದೇ ಕೂತಳು. ಆತ ಕೆಮ್ಮಿ, ಮತ್ತೆ ಕೆಮ್ಮಿ, ಸಿಟ್ಟಾಗಿ ಹೊರಟುಹೋದ.

"ಪುಟ್ಟಿ, ಇವರು ನನ್ನ ಕಣ್ಣು ಕೆಡಿಸಿದಾರೆ ಕಣೇ."

"ಕೆಡ್ಸೋದೇನು, ಅದೆಲ್ಲ ಇದ್ದಿದ್ದೇ. ಹೊಸ ಚಪ್ಪಲಿ ಕಚ್ಚಲ್ವಾ? ಹಾಗೇ. ನೀನು ಅದನ್ನೇ ಯೋಚ್ನೆ ಮಾಡ್ಬೇಡ, ಹೋಗುತ್ತೆ."

"ಹೊಸ ಚಪ್ಪಲಿ ಕಚ್ಚಿದ್ರೆ ಬಿಚ್ಚಿ ಮೂಲೆಗೆ ಎಸಿತೀನಿ. ಕಣ್ಣನ್ನ ಎಲ್ಲಿ ಎಸೀಲಿ?"

ಪುಟ್ಟಿ ನಗಲಿಲ್ಲ. ಸಾಮಾನ್ಯವಾಗಿ ಇಂಥ ಮಾತಿಗೆ ಅವಳು ಬಿದ್ದು ಬಿದ್ದು ನಗುವವಳು.

ಡಾಕ್ಟರು ಇನ್ನೂ ದೊಡ್ಡ ಮನುಷ್ಯ. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು, ಕುರ್ಚಿಯಲ್ಲಿ ಒರಗಿದರು. "ಫಸ್ಟ್ ಕ್ಲಾಸ್ ಆಗಿದೆ ಅಮ್ಮ. ಕೊನೆ ಸಾಲಿನವರೆಗೂ ಓದಿದ್ರಲ್ಲ!"

"ಓದಿದೆ ಸಾರ್. ಆದ್ರೆ ಪಕ್ಕದಲ್ಲಿ ಯಾರೋ ನಿಂತ್ಕೊಂಡು ಇಣುಕ್ತಾ ಇರ್ತಾರಲ್ಲ, ಅವರಿಗೇನು ಮಾಡ್ಲಿ?"

"ಆಪರೇಷನ್‌ನಲ್ಲಿ ಏನೂ ತೊಂದ್ರೆ ಇಲ್ಲ" ಎಂದರು ಅವರು, ಮುಂದಿನವರನ್ನು ಕರೆಯಲು ಗಂಟೆ ಒತ್ತುತ್ತ. ಅವರು ಆಪರೇಷನ್ನಿನ ಕ್ಷೇಮಸಮಾಚಾರ ಹೇಳಿದರೇ ಹೊರತು ಅವಳದ್ದನ್ನು ಕೇಳಲಿಲ್ಲ. ಹೊರಗೆ ಬರುವಾಗ ರಫಕ್ಕನಿಗೆ ಅಳು ಬಂತು. ನೋವಾಗಿ ಬಂದದ್ದಲ್ಲ. ತನಗೆ ಕಾಣುವುದನ್ನು ಇನ್ನೊಬ್ಬರು ಇಲ್ಲ ಎಂದು ಹೇಳಿದರೆ ಯಾವ ಸಾಕ್ಷಿ ತರುವುದು? ತನ್ನ ಕಣ್ಣೊಳಗೆ ಬಂದು ನೋಡಿ ಎಂದು ಯಾರನ್ನು ಕರೆಯುವುದು? ಪುಟ್ಟಿಯಾದರೂ ಒಂದು ಸಲ "ಹೌದಕ್ಕ, ಇರ್ಬಹುದು" ಅಂದಿದ್ದರೆ ಸಾಕಿತ್ತು.

ಮುಂದಿನ ತಪಾಸಣೆಯ ದಿನ ಪುಟ್ಟಿಗೆ ಜ್ವರ. ರಫಕ್ಕ ಒಬ್ಬಳೇ ಹೋದಳು. ಡಾಕ್ಟರು ಬರುವ ಮೊದಲು ಕಣ್ಣಿಗೆ ಔಷಧಿ ಬಿಡುವ ನರ್ಸಮ್ಮನ ಹತ್ತಿರ, ಯಾರೂ ಕೇಳುವುದಿಲ್ಲ ಎಂದು ಗೊತ್ತಿದ್ದೂ, ಕುಡುಗೋಲಿನ ಕಥೆ ಶುರು ಮಾಡಿದಳು. ನರ್ಸಮ್ಮ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು.

"ಅದು ಇನ್ನೂ ಹೋಗಿಲ್ವಾ? ನಾವು ಮೊದಲೇ ಹೇಳಿದ್ವಲ್ಲ ಅಮ್ಮ."

"ಯಾರಿಗೆ ಹೇಳಿದ್ರಿ?"

"ನಿಮ್ಮ ಜೊತೆ ಬಂದಿದ್ರಲ್ಲ, ನಿಮ್ಮ ತಂಗಿ. ನಿಮಗೆ ಔಷಧಿ ಬಿಟ್ಟು ಕಣ್ಮುಚ್ಚಿ ಕೂರ್ಸಿದ್ವಿ. ಅವರನ್ನ ಕರೆದು ಡಾಕ್ಟ್ರೇ ಹೇಳಿದ್ರು. ಕೆಲವರಿಗೆ ಹೀಗೆ ಅಂಚಲ್ಲಿ ನೆರಳು, ಬೆಳಕಿನ ಗೆರೆ ಎಲ್ಲ ಕಾಣ್ಸುತ್ತೆ. ಎಷ್ಟೋ ಜನರಿಗೆ ನಿಧಾನಕ್ಕೆ ಹೋಗುತ್ತೆ, ಕೆಲವರಿಗೆ ಉಳ್ಕೊಳ್ಳುತ್ತೆ ಅಂತ. ನಾನೇ ಅಕ್ಕನಿಗೆ ಹೇಳ್ತೀನಿ ಅಂದ್ರು ಅವರು."

ರಫಕ್ಕ ಕುರ್ಚಿಯಿಂದ ಅರ್ಧ ಎದ್ದಳು. ಆದರೆ ಪಾಪ, ನರ್ಸಮ್ಮನ ಮೇಲೆ ಯಾಕೆ ರೇಗಬೇಕು. ನರ್ಸಮ್ಮ ಅವಳ ಪಕ್ಕ ಕೂತು ಉಪಾಯ ಹೇಳಿಕೊಟ್ಟಳು. ದೀಪವನ್ನು ಬಲಗಡೆ ಇಡಬೇಡಿ, ಎಡಕ್ಕೆ ತನ್ನಿ. ಕಿವಿಗೆ ಹೋಗುವ ಕಡ್ಡಿ ಅಗಲವಾಗಿರುವ ಕನ್ನಡಕ ಹಾಕಿ, ಪಕ್ಕದ ಬೆಳಕು ತಡೆಯುತ್ತೆ, ನೆರಳು ತೆಳ್ಳಗಾಗುತ್ತೆ. ಎಡಗಣ್ಣಿಗೂ ಆಪರೇಷನ್ ಆದರೆ ಕೆಲವರಿಗೆ ಇದು ಕಡಿಮೆಯಾಗುತ್ತೆ, ಆದರೆ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ. "ಮತ್ತೆ ಇನ್ನೊಂದು. ಏನೋ ಕಪ್ಪಗೆ ಕಂಡ್ರೆ ಗಾಬರಿ ಬೀಳ್ಬೇಡಿ. ಕಣ್ಣಾಡಿಸಿ ನೋಡಿ. ಕಣ್ಣಿನ ಜೊತೆ ಬಂದ್ರೆ ಅದು ಕಣ್ಣಿಂದು. ಅಲ್ಲೇ ನಿಂತ್ರೆ ಅದು ನಿಜವಾಗಿ ಅಲ್ಲಿರೋದು."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ನಿನಗೆ ಗೊತ್ತಿತ್ತಾ?"

ಹೊದ್ದು ಮಲಗಿದ್ದ ಪುಟ್ಟಿ ಎದ್ದು ಕೂತಳು. ಸುಳ್ಳು ಹೇಳಲು ನೋಡಿದಳು, ಜ್ವರದಲ್ಲಿ ಕೈಗೆ ಸಿಗಲಿಲ್ಲವೇನೋ. "ಗೊತ್ತಿತ್ತು."

"ನಾನು ದಿನಾ ಗೋಡೆಗೆ ಬನ್ನಿ ಬನ್ನಿ ಅಂತಿದ್ದಾಗ್ಲೂ ಗೊತ್ತಿತ್ತು?"

"ಹೇಳಿದ್ರೆ ನೀನು ಮಾಡಿಸ್ಕೊಳ್ತಿದ್ಯಾ ಅಕ್ಕ? ಒಂದು ಬಲ್ಬು ಬದಲಾಯ್ಸೋಕೇ ಒಂದು ವರ್ಷ ತಗೊಂಡೋಳು ನೀನು."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ! ನನಗೆ ತಲೆ ಕೆಟ್ಟಿದೆ ಅಂತ ನಾನೇ ನಂಬೋಕೆ ಶುರು ಮಾಡಿದ್ದೆ ಕಣೇ."

"ಮೊದಲು ಹೇಳ್ಲಿಲ್ಲ. ಆಮೇಲೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ" ಎಂದಳು ಪುಟ್ಟಿ, ಹೊದಿಕೆಯ ಅಂಚು ಹಿಸುಕುತ್ತ.

ರಫಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ ಇರುವಂಥದ್ದು, ಇಳಿಯುವುದೂ ಬೇಗ. ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ ಗಂಜಿ ಬಿಸಿ ಮಾಡಿಕೊಟ್ಟಳು. ನನ್ನ ಒಳ್ಳೆಯದಕ್ಕೇ ಮಾಡಿದ್ದಾಳೆ, ಹೇಳಿದ್ದರೆ ನಿಜವಾಗಲೂ ಮಾಡಿಸಿಕೊಳ್ಳುತ್ತಿರಲಿಲ್ಲ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಸಮಾಧಾನ ಅರ್ಧಕ್ಕೇ ನಿಂತಿತು, ಆದರೂ ಅದರಲ್ಲೇ ಕಾಲ ಹಾಕಬಹುದಿತ್ತು.

ಅವಳು ದೀಪವನ್ನು ಎಡಕ್ಕೆ ಸರಿಸಿದಳು. ಅಗಲ ಕಡ್ಡಿಯದು ಕನ್ನಡಕದ ಅಂಗಡಿಯಲ್ಲಿ ಇದ್ದದ್ದು ಒಂದೇ, ಗಂಡಸರದ್ದು. ಅದನ್ನೇ ತಂದು, ಕಡ್ಡಿಗೆ ಕಪ್ಪು ಬಟ್ಟೆ ಸುತ್ತಿ ಹೊಲಿದು ಇನ್ನೂ ಅಗಲ ಮಾಡಿದಳು. ಅದನ್ನು ಹಾಕಿಕೊಂಡರೆ ಗಾಡಿಗೆ ಕಟ್ಟಿದ ಕುದುರೆಯ ಹಾಗೆ ಕಾಣುತ್ತೀಯ ಎಂದು ಪುಟ್ಟಿ ಜ್ವರ ಬಿಟ್ಟ ಮೇಲೆ ಮೊದಲ ಸಲ ನಕ್ಕಳು. ಕಮಾನು ಹೋಯಿತು. ಕುಡುಗೋಲು ಪೂರ್ತಿ ಹೋಗಲಿಲ್ಲ, ತೆಳ್ಳಗಾಯಿತು. ಕಪ್ಪಗೆ ಏನಾದರೂ ಕಂಡರೆ ಕಣ್ಣಾಡಿಸಿ ನೋಡುವುದು ಅವಳಿಗೆ ಅಭ್ಯಾಸವಾಯಿತು. ಬಂತು, ಹಾಗಾದರೆ ಕಣ್ಣಿಂದು. ನಿಂತಿತು, ಹಾಗಾದರೆ ಬೆಕ್ಕು. ಒಂದು ಸಲ ನಿಂತದ್ದು ಕಂದಾಯದವನು, ಅವನನ್ನೂ ಕಣ್ಣಿನ ಲೆಕ್ಕಕ್ಕೆ ಸೇರಿಸಿ ಸುಮ್ಮನೆ ಕೂತಳು. ಕೆಲಸ ನಿಧಾನಕ್ಕೆ ಕೈಗೆ ಹತ್ತಿತು. ಪುಟ್ಟಿ ಎರಡು ಬಟ್ಟೆ ಹುಡುಕಿ ಎರಡಕ್ಕೂ "ಸಿಗ್ಲಿಲ್ಲ" ಅಂದಳು. ರಫಕ್ಕನಿಗೆ ಮತ್ತೆ ಜೀವ ಬಂದ ಹಾಗಾಯಿತು.

ಹಾಗಿರುವಾಗ ಪಿಟೀಲು ಮೇಷ್ಟ್ರು ಬಂದರು. ಹಳೆಯ ಗಿರಾಕಿ, ಮೃದು ಮನುಷ್ಯ, ಸಂಗೀತ ಕಚೇರಿಗೆ ಹಾಕುವ ಒಂದೇ ಒಂದು ಕೋಟನ್ನು ಇಪ್ಪತ್ತು ವರ್ಷದಿಂದ ಉಳಿಸಿಕೊಂಡು ಬಂದವರು. ಪುಟ್ಟಿ ಗೋಡೆಗೆ ತಿರುಗಿದಳು. "ಅಕ್ಕ, ಮೇಷ್ಟ್ರ ಕಪ್ಪು ಕೋಟು ಬಂತು" ಎಂದಳು ಗೋಡೆಗೆ.

"ಮತ್ತೆ ನುಸಿ, ರಫಕ್ಕ" ಎಂದರು ಮೇಷ್ಟ್ರು, ಎಡ ತೋಳಿನ ಬಳಿ ತೂತು ತೋರಿಸುತ್ತ. "ಹೋದ ವರ್ಷ ಎದೆ ಹತ್ರ ಮಾಡ್ಕೊಟ್ರಲ್ಲ, ಹಾಗೇ ಮಾಡ್ಕೊಡಿ. ಎಲ್ಲಿತ್ತು ಅಂತ ನನಗೇ ಗೊತ್ತಾಗಲ್ಲ."

ಅವರು ಹೋದ ಮೇಲೆ ರಫಕ್ಕ ಕೋಟನ್ನು ಕಿಟಕಿಯ ಬೆಳಕಿಗೆ ಹರಡಿದಳು. ಅದು ಕಪ್ಪಾಗಿರಲಿಲ್ಲ. ನೀಲಿ. ಕಡು ನೀಲಿ, ಆದರೆ ಯಾರು ನೋಡಿದರೂ ನೀಲಿ. ಅವಳಿಗೆ ನಗು ಬಂತು. ಇಷ್ಟು ವರ್ಷ ಇದನ್ನು ಕಪ್ಪು ಅಂದುಕೊಂಡಿದ್ದೆನಲ್ಲ, ಎಂಥ ಪೊರೆ ಕವಿದಿತ್ತಪ್ಪ ಎಂದುಕೊಂಡು ದಾರದ ಪೆಟ್ಟಿಗೆಗೆ ಕೈ ಚಾಚಿದಳು. ಆಗ ಕೋಟಿನ ಎದೆಯ ಮೇಲೆ, ನೋಟದ ಬಲ ಅಂಚಿನಲ್ಲಿ, ಕಪ್ಪು ನೆರಳೊಂದು ಕಂಡಿತು.

ಥೂ, ಕುಡುಗೋಲು ಮತ್ತೆ ದಪ್ಪ ಆಯಿತು ಎಂದು ಬೈದುಕೊಂಡಳು. ಅಭ್ಯಾಸದಂತೆ ಕಣ್ಣಾಡಿಸಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

ನೆರಳು ಬರಲಿಲ್ಲ. ಕೋಟಿನ ಮೇಲೆಯೇ ನಿಂತಿತು.

ಬೆರಳಿಟ್ಟು ನೋಡಿದಳು. ಹೊಲಿಗೆ. ತನ್ನದೇ ಹೊಲಿಗೆ. ನೇಯ್ಗೆ ಎಳೆಗೆ ಎಳೆ ಕೂತಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ನೀಲಿ ಬಟ್ಟೆಯ ನಡುವೆ ಹೆಬ್ಬೆರಳಿನಷ್ಟು ಅಚ್ಚ ಕಪ್ಪು ದಾರ, ಬಿಳಿ ಗೋಡೆಗೆ ಹತ್ತಿದ ಮಸಿಯಷ್ಟೇ ಸ್ಪಷ್ಟ. ಅವಳು ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿ ಹಳೆ ಕಣ್ಣಲ್ಲಿ ನೋಡಿದಳು. ಕೋಟು ಕಪ್ಪಾಯಿತು, ಹೊಲಿಗೆ ಮಾಯವಾಯಿತು. ಕೈ ಬದಲಿಸಿದಳು. ಕೋಟು ನೀಲಿಯಾಯಿತು, ಹೊಲಿಗೆ ಎದ್ದು ನಿಂತಿತು. ಎಷ್ಟು ಸಲ ಬದಲಿಸಿದರೂ ಅಷ್ಟೇ.

ಅವಳಿಗೆ ಕಾಣದೇ ಇದ್ದದ್ದು ಸರಿ. ಪೊರೆ ಇತ್ತು. ಆದರೆ ಹುಡುಕಿದವಳಿಗೆ ಪೊರೆ ಇರಲಿಲ್ಲವಲ್ಲ.

"ಪುಟ್ಟಿ, ಬಾ ಇಲ್ಲಿ."

ಪುಟ್ಟಿ ಬಂದಳು. ಅಕ್ಕನ ಬೆರಳು ಎಲ್ಲಿದೆ ಎಂದು ನೋಡಿದಳು.

"ಈ ಕೋಟು ಯಾವ ಬಣ್ಣ?"

"...ನೀಲಿ."

"ಈಗ ತಾನೇ ಕಪ್ಪು ಕೋಟು ಬಂತು ಅಂದ್ಯಲ್ಲ?"

"ನೀನು ಕಪ್ಪು ಅಂತಿದ್ದೆ. ಅದಕ್ಕೆ ನಾನೂ ಕಪ್ಪು ಅಂತಿದ್ದೆ."

"ಹೋದ ವರ್ಷ ಇದನ್ನ ಹುಡುಕಿ ನನಗೆ ಏನಂದೆ?"

ಪುಟ್ಟಿ ಕೋಟಿನ ತೋಳನ್ನು ಎಳೆದು ನೆಟ್ಟಗೆ ಮಾಡಿದಳು.

"ಏನಂದೆ ಹೇಳು!"

"ಸಿಗ್ಲಿಲ್ಲ ಅಂದೆ" ಎಂದಳು ಪುಟ್ಟಿ. ಅವಳ ದನಿ ಅವಳಿಗೇ ಕೇಳಿಸಿತೋ ಇಲ್ಲವೋ.

ಆಮೇಲೆ ಎಲ್ಲವೂ ಹೊರಗೆ ಬಂತು, ಒಂದೊಂದಾಗಿ ಎಳೆಯಬೇಕಾಗಲಿಲ್ಲ. ನಾಲ್ಕೈದು ವರ್ಷದಿಂದ ಅಕ್ಕನಿಗೆ ಬಣ್ಣ ತಪ್ಪುತ್ತಿತ್ತು. ಮೊದಲ ಸಲ ಪುಟ್ಟಿ ಸೀಮೆಸುಣ್ಣ ಕೈಗೆತ್ತಿಕೊಂಡಿದ್ದಳಂತೆ. ಆದರೆ ಅಕ್ಕ ಕಣ್ಣು ಕಿರಿದು ಮಾಡಿಕೊಂಡು, ಕತ್ತು ಚಾಚಿ, ತನ್ನ ಬಾಯಿಯಿಂದ ಏನು ಬೀಳುತ್ತದೋ ಎಂದು ಕಾದು ಕೂತದ್ದನ್ನು ನೋಡಿ ಕೈ ಬರಲಿಲ್ಲವಂತೆ. ಮೇಷ್ಟ್ರಂಥ ಪ್ರೀತಿಯ ಗಿರಾಕಿಗಳ ಬಟ್ಟೆಯನ್ನು ಹಾಗೇ ಕೊಟ್ಟಳು. ಅವರು ನೋಡಿದರು, ಪುಟ್ಟಿಯ ಮುಖ ನೋಡಿದರು, ಸುಮ್ಮನೆ ತೆಗೆದುಕೊಂಡು ಹೋದರು. ಬೇರೆಯವರದನ್ನು ಸೇತುವೆಯ ಆಚೆ ಇರುವ ಇನ್ನೊಬ್ಬ ರಫುಗಾರನ ಹತ್ತಿರ ಒಯ್ದು ಬಿಚ್ಚಿಸಿ, ಬೇರೆ ದಾರದಲ್ಲಿ ಹೊಲಿಸಿ ಕೊಟ್ಟಳು.

"ಆ ನಾಟಕದವರ ಶಾಲು? ಮಾಯಾ ಕೈ ನಿಮ್ದು ಅಂತ ಮನೆ ತನಕ ಬಂದು ಹೇಳಿ ಹೋದ್ರಲ್ಲ?"

"ಅದು ಅವನು ಮಾಡಿದ್ದು."

"ವಕೀಲರ ಹೆಂಡತಿ ರೇಷ್ಮೆ?"

"ಅದೂ."

ರಫಕ್ಕ ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಡಾಕ್ಟರ ಮೇಲಿದ್ದ ಸಿಟ್ಟು ಈಗ ಮಕ್ಕಳಾಟ ಅನ್ನಿಸಿತು. ಅವರು ಎಷ್ಟಾದರೂ ಹೊರಗಿನವರು. ಇವಳು ಪಕ್ಕದಲ್ಲೇ ಕೂತು, ಒಂದೇ ಪಾತ್ರೆಯ ಅನ್ನ ಉಂಡು, ದಿನವೂ ಕಣ್ಣಿಗೆ ಮಣ್ಣೆರಚಿದ್ದಳು. ಊರೆಲ್ಲ ಸೇರಿ ಒಬ್ಬ ಕುರುಡಿಯ ಕೈಗೆ ಸೂಜಿ ಕೊಟ್ಟು, ಎಷ್ಟು ಚಂದ ಹೊಲಿತೀಯಮ್ಮ ಎಂದು ಆಟವಾಡಿಸಿತ್ತು. ಅವರಿಗೆ ಅದು ಕನಿಕರ. ಅವಳಿಗೆ ಅದು ಮೋಸವೇ, ಮೋಸ ಬಿಟ್ಟು ಬೇರೇನೂ ಅಲ್ಲ.

"ನನ್ನ ಕಣ್ಣು ಹೋಗಿತ್ತು, ನಿನ್ನ ಕಣ್ಣು ನಂಬ್ಕೊಂಡು ಕೂತಿದ್ದೆ" ಎಂದಳು. "ನೀನು ಅದನ್ನೂ ಕಿತ್ಕೊಂಡೆ."

ಪುಟ್ಟಿ ಅತ್ತಳು. ನೆಲದಲ್ಲಿ ಕೂತು ಅಕ್ಕನ ಮಂಡಿಗೆ ಹಣೆ ಒತ್ತಿ ಅತ್ತಳು. "ಇನ್ಮೇಲೆ ನಿಜಾನೇ ಹೇಳ್ತೀನಿ ಅಕ್ಕ. ನಿನ್ನಾಣೆ. ಸಿಕ್ರೆ ಸಿಕ್ತು ಅಂತೀನಿ, ನೀನು ಹೊಡೆದ್ರೂ ಅಂತೀನಿ."

ರಫಕ್ಕ ಅವಳ ತಲೆಯ ಮೇಲೆ ಕೈ ಇಡಲಿಲ್ಲ. ಆದರೆ ಮಂಡಿಯನ್ನೂ ಎಳೆದುಕೊಳ್ಳಲಿಲ್ಲ.

ಮೇಷ್ಟ್ರ ಕೋಟಿನ ಕಪ್ಪು ಹೊಲಿಗೆಯನ್ನು ಅವಳೇ ಬಿಚ್ಚಿದಳು. ಕನ್ನಡಕ ಹಾಕಿ, ದೀಪ ಎಡಕ್ಕಿಟ್ಟು, ಹಳೆ ಕಣ್ಣಿಗೆ ಬಟ್ಟೆಯ ತುಂಡು ಕಟ್ಟಿ, ಹೊಸ ಕಣ್ಣೊಂದರಿಂದ ನೀಲಿ ಆರಿಸಿ ಎರಡು ತೂತನ್ನೂ ಕೂಡಿಸಿದಳು. ಮೇಷ್ಟ್ರು ಬಂದಾಗ ಕೋಟನ್ನು ಪುಟ್ಟಿಯ ಕೈಗೆ ಕೊಡದೆ ನೇರ ಅವರಿಗೇ ಕೊಟ್ಟಳು. "ನೋಡ್ಕೊಳ್ಳಿ ಮೇಷ್ಟ್ರೇ, ಸರಿಯಾಗಿ ನೋಡ್ಕೊಳ್ಳಿ" ಎಂದಳು. ಅವರು ನೋಡದೆಯೇ "ನಿಮ್ಮ ಕೈ ಅಂದ್ಮೇಲೆ ನೋಡೋದೇನಿದೆ" ಎಂದು ನಕ್ಕು ಹೊರಟರು. ಆ ನಗು ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು.

ಈಗ ಅವಳಿಗೆ ಬೇಕಾದದ್ದು ಒಂದೇ. ನೆರಳು ಅಂಚಿನಲ್ಲಿ ಇರುವ ಈ ಕಣ್ಣಲ್ಲಿ ತಾನು ಹೊಲಿದದ್ದು ಬೇರೆಯವರಿಗೆ ನಿಜವಾಗಿ ಕಾಣುವುದಿಲ್ಲವೋ, ಕಾಣುತ್ತದೋ? ಕಾಣದಿದ್ದರೆ ಕಿಟಕಿಯ ಬಳಿಯ ಈ ಕುರ್ಚಿ ಅವಳದು. ಕಂಡರೆ ಸೂಜಿ ಕೆಳಗಿಟ್ಟು ಏಳಬೇಕು. ತನ್ನ ಹೊಲಿಗೆಯನ್ನು ತಾನೇ ಹುಡುಕಲು ಬರುವುದಿಲ್ಲ, ಎಲ್ಲಿದೆ ಎಂದು ಕೈಗೆ ಗೊತ್ತಿರುತ್ತದೆ. ಅದನ್ನು ಹೇಳಲು ಇನ್ನೊಬ್ಬರ ಕಣ್ಣೇ ಬೇಕು. ಇದ್ದದ್ದು ಪುಟ್ಟಿಯ ಕಣ್ಣು.

ಆ ವಾರವೇ ಹೋಟೆಲ್ಲಿನ ಬಾಗಿಲು ಕಾಯುವವನು ಬಂದ. ಕೈಯಲ್ಲಿ ಬೂದು ಬಣ್ಣದ ಎರಡು ಯೂನಿಫಾರಂ ಕೋಟು, ಅವಳಿಜವಳಿ. "ಒಂದಕ್ಕೆ ಸಿಗರೇಟು ತಾಗಿ ತೂತಾಗಿದೆ ರಫಕ್ಕ. ಯಾವುದು ಅಂತ ಅವಸರದಲ್ಲಿ ನೋಡ್ಲಿಲ್ಲ, ಎರಡೂ ತಂದೆ. ನೀವೇ ಹುಡುಕ್ಕೊಳ್ಳಿ." ಪುಟ್ಟಿ ಗೋಡೆ ನೋಡಿಕೊಂಡಿದ್ದಳು. ಅವಳ ಬೆನ್ನು ನೆಟ್ಟಗಿತ್ತು. ಆಣೆ ಇಟ್ಟ ಮೇಲೆ ಅವಳು ಗೋಡೆಗೆ ತಿರುಗುವುದೂ ಹೆಚ್ಚು ಶ್ರದ್ಧೆಯಿಂದ.

ತೂತು ಒಂದರ ಜೇಬಿನ ಮೇಲಿತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ. ರಫಕ್ಕ ಅದನ್ನು ಒಳಗೆ ಹೊರಗೆ, ಹೊಸ ಕಣ್ಣಲ್ಲಿ ಹಳೆ ಕಣ್ಣಲ್ಲಿ, ಬೆರಳಲ್ಲಿ ಎಲ್ಲ ನೋಡಿದಳು. ಒಂದು ಎಳೆಯೂ ಜಾರಿರಲಿಲ್ಲ. ಮಡಚಿ ಪಕ್ಕಕ್ಕಿಟ್ಟಳು. ತೂತಿನದನ್ನು ಹೊಲಿಯಲು ಎರಡು ದಿನ ಹಿಡಿಯಿತು. ಹೊಲಿದು ಮುಗಿಸಿ ಪುಟ್ಟಿಗೆ ಕೊಡಬೇಕೆಂದು ಕೈ ಚಾಚಿದವಳಿಗೆ ಅದೇನನ್ನಿಸಿತೋ, ಕೈ ತೂತಿಲ್ಲದ ಕೋಟಿನ ಕಡೆಗೆ ಹೋಯಿತು. ಮೊದಲೇ ಯೋಚಿಸಿ ಮಾಡಿದ್ದಲ್ಲ. ಕೊಟ್ಟ ಮೇಲೆ ವಾಪಸ್ ಕೇಳಲಿಲ್ಲ, ಅಷ್ಟೇ.

ಪುಟ್ಟಿ ಕೋಟನ್ನು ಬೆಳಕಿಗೆ ಒಯ್ದಳು. ಬೆನ್ನು, ತೋಳು, ಕಾಲರು. ಬೆರಳಾಡಿಸಿದಳು. ತಿರುವಿದಳು. ಮತ್ತೆ ಮೊದಲಿಂದ ಶುರು ಮಾಡಿದಳು. ಹಿಂದೆಂದೂ ಅವಳು ಇಷ್ಟು ಹೊತ್ತು ಹುಡುಕಿದ್ದಿಲ್ಲ. ನಡುವೆ ಒಂದೆರಡು ಸಲ ಅಕ್ಕನ ಕಡೆ ನೋಡಿದಳು. ರಫಕ್ಕ ಸುಮ್ಮನೆ ಕಾದಳು. ಹೇಳು, ಸಿಗಲಿಲ್ಲ ಅನ್ನು, ಇಲ್ಲದ್ದು ಸಿಗುವುದಿಲ್ಲ, ಅಂದುಬಿಡು ನನ್ನವ್ವ ಎಂದು ಒಳಗೊಳಗೇ ಬೇಡಿದಳು. ಆ ಒಂದು ಮಾತು ಬಿದ್ದರೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಮೊದಲಿನ ಹಾಗೆ ಇದ್ದುಬಿಡಲು ಅವಳು ತಯಾರಿದ್ದಳು.

ಪುಟ್ಟಿ ಸೀಮೆಸುಣ್ಣ ತೆಗೆದುಕೊಂಡಳು. ಎಡ ಮೊಣಕೈಯ ಕೆಳಗೆ ಒಂದು ಜಾಗದಲ್ಲಿ ನಿಧಾನವಾಗಿ ಗೆರೆ ಎಳೆದು ಸುತ್ತು ಮುಗಿಸಿದಳು. ತಂದು ಅಕ್ಕನ ಮುಂದೆ ಇಟ್ಟಳು. ಅವಳ ಮುಖದಲ್ಲಿ ಹೆದರಿಕೆಯೂ ಇತ್ತು, ಮಾತು ಉಳಿಸಿಕೊಂಡೆ ಎನ್ನುವ ಸಂತೋಷವೂ ಇತ್ತು.

"ಸಿಕ್ತು ಅಕ್ಕ. ಇಲ್ಲಿ. ಜಾಸ್ತಿ ಏನಿಲ್ಲ, ಸ್ವಲ್ಪ ಕಾಣ್ಸುತ್ತೆ. ಬೇಜಾರ್ ಮಾಡ್ಕೋಬೇಡ, ನಿಜ ಹೇಳ್ತೀನಿ ಅಂತ ಆಣೆ ಇಟ್ಟಿದೀನಲ್ಲ."

ರಫಕ್ಕ ಆ ಬಿಳಿ ಸುತ್ತನ್ನು ನೋಡಿದಳು. ಕಣ್ಣಾಡಿಸಿದಳು, ಎಡಕ್ಕೆ, ಬಲಕ್ಕೆ. ಸುತ್ತು ಅಲ್ಲೇ ನಿಂತಿತ್ತು. ಅದರೊಳಗೆ ಗಿರಣಿಯಿಂದ ಬಂದ ಬಟ್ಟೆ, ಯಾವ ಸೂಜಿಯೂ ಮುಟ್ಟದ್ದು.

"ಈ ಕೋಟಿನಲ್ಲಿ ತೂತೇ ಇರ್ಲಿಲ್ಲ ಪುಟ್ಟಿ. ನಾನು ಇದಕ್ಕೆ ಸೂಜಿ ಹಾಕಿಲ್ಲ."

ಪುಟ್ಟಿ ಕೋಟು ನೋಡಿದಳು, ಅಕ್ಕನನ್ನು ನೋಡಿದಳು. "ಸಿಕ್ಕಿಲ್ಲ ಅಂದ್ರೆ ಮತ್ತೆ ಸುಳ್ಳು ಹೇಳ್ತಿದೀನಿ ಅಂದ್ಕೊಳ್ತೀಯ ಅಂತ..." ಎಂದಳು.

ರಫಕ್ಕ ಬೈಯಲಿಲ್ಲ. ಬೈಗುಳ ನಂಬಿಕೆ ಇರುವವರ ಮೇಲೆ ಖರ್ಚು ಮಾಡುವಂಥದ್ದು. ಬ್ರಷ್ ತೆಗೆದು ಸೀಮೆಸುಣ್ಣದ ಸುತ್ತನ್ನು ಉಜ್ಜಿ ಉಜ್ಜಿ ಹೋಗಿಸಿದಳು. ಹೊಲಿದ ಕೋಟನ್ನೂ ಹೊಲಿಯದ ಕೋಟನ್ನೂ ಒಂದರ ಮೇಲೊಂದು ಮಡಚಿಟ್ಟಳು. ಕೋಟಿನ ಜೇಬಿನ ಮೇಲಿನ ತನ್ನ ಹೊಲಿಗೆ ಕಾಣುತ್ತದೋ ಇಲ್ಲವೋ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಈ ಮನೆಯಲ್ಲಿ ಉಳಿದಿರಲಿಲ್ಲ. ನಾಳೆ ಇದನ್ನು ಸೇತುವೆಯ ಆಚೆಯವನ ಹತ್ತಿರ ತಾನೇ ಒಯ್ಯಬೇಕು, ತನ್ನ ಗುರುತು ಹೇಳದೆ ಹುಡುಕಪ್ಪ ಅನ್ನಬೇಕು ಎಂದುಕೊಂಡಳು. ಐದು ವರ್ಷ ತನ್ನ ಹೊಲಿಗೆ ಬಿಚ್ಚಿದವನು, ಅವನಿಗೆ ಅವಳ ಮೇಲೆ ಪ್ರೀತಿ ಇರುವುದಕ್ಕೆ ಕಾರಣವಿಲ್ಲ. ಅವನ ಮಾತನ್ನು ನಂಬಬಹುದು.

ಆಮೇಲೆ ಫೋನು ತೆಗೆದು ಆಸ್ಪತ್ರೆಗೆ ಮಾಡಿದಳು. ನರ್ಸಮ್ಮನೇ ಎತ್ತಿಕೊಂಡಳು.

"ಎಡಗಣ್ಣಿಗೆ ಒಂದು ದಿನ ಗೊತ್ತು ಮಾಡಮ್ಮ... ಇದೆ, ಕುಡುಗೋಲು ಹಾಗೇ ಇದೆ. ಅದರ ಜೊತೆ ಹೊಂದ್ಕೊಂಡಿದೀನಿ, ಅದು ಎಲ್ಲಿರುತ್ತೆ ಅಂತ ಗೊತ್ತಿದೆಯಲ್ಲ." ಅತ್ತ ಕಡೆ ಏನೋ ಕೇಳಿದರು. "ಜೊತೆಗಾ? ತಂಗಿ ಬರ್ತಾಳೆ. ಬರದೆ ಎಲ್ಲಿಗೆ ಹೋಗ್ತಾಳೆ. ಆದ್ರೆ ಹೇಳೋದೇನಿದ್ರೂ ನನಗೇ ಹೇಳಿ. ಅವಳ ಹತ್ರ ಏನೂ ಹೇಳ್ಬೇಡಿ."

ಫೋನು ಇಟ್ಟಳು. ಬಲಗಡೆ, ಕೌಂಟರಿನ ಬಳಿ, ಕುರ್ಚಿ ಕಿರುಗುಟ್ಟಿತು. ಅಲ್ಲಿ ನೆರಳು ಬಾಗಿ ನಿಂತಿತ್ತು, ನೆರಳಿನ ಹಿಂದೆ ಪುಟ್ಟಿ ಇದ್ದಳು, ಮೂಗು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಸ್ವಲ್ಪ ತಲೆ ತಿರುಗಿಸಿದ್ದರೆ ಅವಳು ಪೂರ್ತಿ ಕಾಣುತ್ತಿದ್ದಳು. ರಫಕ್ಕ ತಿರುಗಲಿಲ್ಲ.